ಮಳೆಯ ಚರಿತ್ರೆ ಕಂದಾಯ ಕಡತದಲ್ಲಿದೆ

ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗೆಂದು 2025ರ ಕೇಂದ್ರ ಬಜೆಟ್ ‘ಜ್ಞಾನ ಭಾರತಂ’ ಘೋಷಿಸಿತು. ಒಳ್ಳೆಯದೇ. ಆದರೆ ಅದರ ಹಿಂದಿನ ರೂಪವಾದ, 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ವ್ಯಾಖ್ಯೆಯೇ ಶಿಲಾಶಾಸನ, ಫರ್ಮಾನು, ಕಂದಾಯ ದಾಖಲೆಗಳನ್ನು ಹಸ್ತಪ್ರತಿಯಲ್ಲವೆಂದು ಹೊರಗಿಟ್ಟಿತ್ತು. ಹಿಂದಿನ ಮಳೆ, ಬರ, ನೆರೆಯ ಸುಳಿವು ಹೆಚ್ಚಾಗಿ ಸಿಗುವುದು ಅಲ್ಲೇ. ಈ ಲೋಪವನ್ನು ರಾಜ್ಯವಾದರೂ ತುಂಬಬೇಕು.

ಈ ಹಳೆಯ ಸುಳಿವು ಯಾಕೆ ಬೇಕು? ಹವಾಮಾನ ಇಲಾಖೆ 2022ರಲ್ಲಿ ದೇಶದ ಮುಂಗಾರಿನ ವಾಡಿಕೆ ಪ್ರಮಾಣವನ್ನು 880.6 ಮಿ.ಮೀ.ನಿಂದ 868.6ಕ್ಕೆ ಇಳಿಸಿತು. ಆಧಾರ ವರ್ಷಗಳು 1961–2010ರ ಬದಲು 1971–2020 ಆದವು, ಅಷ್ಟೇ. ಹತ್ತು ವರ್ಷ ಸರಿದರೆ 12 ಮಿ.ಮೀ. ಕರಗುವ ಲೆಕ್ಕವನ್ನಿಟ್ಟುಕೊಂಡು ‘ಹಿಂದೆಂದೂ ಕಾಣದ ಮಳೆ’ ಎಂದು ಘೋಷಿಸುವುದು ದುಡುಕು.

ಹರಿಹರದಲ್ಲಿ ಇದಕ್ಕಿಂತ ಉದ್ದನೆಯ ಲೆಕ್ಕದ ತುಣುಕುಗಳಿವೆ. ಹರಿದ್ರಾ ನದಿಗೆ ಕಟ್ಟೆ ಹಾಕಿ ಕಾಲುವೆ ತರುವ ಒಪ್ಪಂದವನ್ನು 1410ರ ಶಾಸನ ಹೇಳುತ್ತದೆ. ನೀರುಣ್ಣುವ ಭೂಮಿಯಲ್ಲಿ ಹರಿಹರೇಶ್ವರ ದೇವರ ಪಾಲೆಷ್ಟು, ಹರಿಹರ ಮತ್ತು ಬೆಳ್ಳೂಡಿಯ ಬ್ರಾಹ್ಮಣರ ಪಾಲೆಷ್ಟು ಎಂಬುದೂ ಅದರಲ್ಲಿದೆ. 1424ರ ಶಾಸನದ ಹೊತ್ತಿಗೆ ಆ ಕಟ್ಟೆ ಒಡೆದಿದೆ. ದಂಡನಾಯಕ ಚಾಮನೃಪಾಲನ ಹಣದಿಂದ ದುರಸ್ತಿಯಾಗಿದೆ. ನಡುವೆ ಹದಿನಾಲ್ಕೇ ವರ್ಷ! ಶಾಸನತಜ್ಞ ಬಿ.ಎಲ್. ರೈಸ್ ಇವೆರಡನ್ನೂ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿ ಶತಮಾನ ದಾಟಿತು. ನೀರಾವರಿಯ ಇತಿಹಾಸ ಬರೆಯುವವರು ಓದಿದರು. ಮಳೆಯ ಲೆಕ್ಕ ಇಡುವವರು ಇತ್ತ ತಿರುಗಿಯೂ ನೋಡಿದಂತಿಲ್ಲ.

ಒಂದು ಕಟ್ಟೆ ಒಡೆದ ಮಾತ್ರಕ್ಕೆ ಅತಿವೃಷ್ಟಿ ಸಾಬೀತಾಗದು, ನಿಜ. ಕಾಮಗಾರಿಯೇ ಕಳಪೆಯಿದ್ದೀತು; ಅದೇನೂ ಈ ಕಾಲದವರ ಆವಿಷ್ಕಾರವಲ್ಲ. ಆದ್ದರಿಂದಲೇ ತುಂಗಭದ್ರೆಯ ಉದ್ದಕ್ಕೂ ಕೆರೆ ಒಡೆದದ್ದು, ಕಟ್ಟೆ ದುರಸ್ತಿಯಾದದ್ದು, ತೆರಿಗೆ ಮನ್ನಾ ಆದದ್ದು ಎಲ್ಲವನ್ನೂ ಇಸವಿವಾರು ಜೋಡಿಸಬೇಕು. ಅಕ್ಕಪಕ್ಕದ ಊರುಗಳ ಕಟ್ಟೆಗಳೂ ಅದೇ ವರ್ಷಗಳಲ್ಲಿ ಒಡೆದಿದ್ದರೆ ಗಾರೆಯವನನ್ನು ಬಿಟ್ಟು ಹೊಳೆಯನ್ನು ಸಂಶಯಿಸಬಹುದು. ಇದು ಕನಸಿನ ಮಾತಲ್ಲ. ಸಂಶೋಧಕರಾದ ಜಾರ್ಜ್ ಆಡಮ್ಸನ್ ಮತ್ತು ಡೇವಿಡ್ ನ್ಯಾಷ್ ಪತ್ರ, ದಿನಚರಿ, ಪತ್ರಿಕೆ, ಸರ್ಕಾರಿ ದಾಖಲೆಗಳನ್ನು ಜಾಲಾಡಿ 1781ರಿಂದ 1860ರವರೆಗಿನ ಪಶ್ಚಿಮ ಭಾರತದ ಮುಂಗಾರಿನ ಏರಿಳಿತವನ್ನು ಗುರುತಿಸಿದ್ದಾರೆ.

ಹರಿಹರವಿರುವ ದಾವಣಗೆರೆ ಸೀಮೆಗೆ ಇನ್ನೊಂದು ಅನುಕೂಲವಿದೆ. ಬ್ರಿಟಿಷರ ಕಾಲದಲ್ಲಿ ಹರಿಹರ ಮೈಸೂರಿಗೆ, ಹೊಳೆಯಾಚೆಯ ರಾಣೆಬೆನ್ನೂರು ಮುಂಬೈ ಪ್ರಾಂತ್ಯಕ್ಕೆ, ಹರಪನಹಳ್ಳಿ ಮದ್ರಾಸಿಗೆ ಸೇರಿದ್ದವು. ಒಂದೇ ಬರವನ್ನು ಮೂರು ಆಡಳಿತಗಳ ಗುಮಾಸ್ತರು ಬೇರೆಬೇರೆಯಾಗಿ ಬರೆದಿಟ್ಟರು. ಒಬ್ಬನ ಉತ್ಪ್ರೇಕ್ಷೆಯನ್ನು ಇನ್ನೊಬ್ಬನ ಕಡತದಿಂದ ಹಿಡಿಯಬಹುದು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ, 1876–78ರ ಕ್ಷಾಮದ ನಂತರ, 1881ರಲ್ಲಿ 41.8 ಲಕ್ಷಕ್ಕೆ ಕುಸಿಯಿತು. ಆ ಕ್ಷಾಮದಿಂದಲೇ ತಾಳೆ ನೋಡುವ ಕೆಲಸ ಶುರುವಾಗಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹರಿಹರದ ಹಳೆಯ ಕಾಗದಗಳನ್ನು ಚಿತ್ರದುರ್ಗದ ಹೆಸರಿನಲ್ಲಿ ಹುಡುಕಬೇಕು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅಂಥ ಬರ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂದು ಐವತ್ತು ವರ್ಷದ ಅಂಕಿ ಹೇಳಲಾರದು. ರಾಜ್ಯ ಪತ್ರಾಗಾರ ಇಲಾಖೆಯನ್ನೂ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನೂ ಸರ್ಕಾರ ಒಂದೇ ಮೇಜಿಗೆ ಕೂರಿಸಲಿ. ಜಮಾಬಂದಿ ಕಡತಗಳನ್ನು ಗೆದ್ದಲಿಗಿಂತ ಮೊದಲು ಇವರು ಓದಲಿ.