ಓಪನ್ ಸೋರ್ಸ್ ತಂತ್ರಾಂಶಕ್ಕೆ ಯಾವ ಹೆಸರಿಟ್ಟರೂ ನಡೆಯುತ್ತದೆಯೇ?

ಓಪನ್ ಸೋರ್ಸ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಹಾಗಿದ್ದರೆ ಅದಕ್ಕೆ ಇಷ್ಟ ಬಂದ ಹೆಸರನ್ನೂ ಇಡಬಹುದಲ್ಲವೇ? ಹಲವರು ಹೀಗೆ ಭಾವಿಸಿದ್ದಾರೆ. ಇದು ಪೂರ್ತಿ ನಿಜವಲ್ಲ. ಏಕೆ ಎಂಬುದನ್ನು ಇಲ್ಲಿ ನೋಡೋಣ.

ಕಮಾಂಡ್ ಲೈನ್‌ನಲ್ಲಿ ಹೆಸರೇ ಎಲ್ಲ

ಮೊಬೈಲ್‌ನಲ್ಲಿ ನಾವು ಆ್ಯಪ್‌ನ ಹೆಸರು ಮರೆತರೂ ಚಿತ್ರ ನೋಡಿ ಒತ್ತುತ್ತೇವೆ. ಕಮಾಂಡ್ ಲೈನ್‌ನಲ್ಲಿ ಚಿತ್ರವೂ ಇಲ್ಲ, ಬಟನ್ನೂ ಇಲ್ಲ. ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಫೈಲ್‌ಗಳ ಪಟ್ಟಿಗೆ ‘ಎಲ್ಎಸ್’, ನಕಲು ಮಾಡಲು ‘ಸಿಪಿ’. ಯೂನಿಕ್ಸ್ ಕಾಲದ ಈ ಹೆಸರುಗಳಿಗೆ ಇಂಗ್ಲಿಷಿನ ಎರಡೇ ಅಕ್ಷರ. ಚಿಕ್ಕ ಹೆಸರು ಟೈಪ್ ಮಾಡಲು ಸುಲಭ. ಆದರೆ ಅದನ್ನು ಬೇರೆಯವರು ಈಗಾಗಲೇ ಇಟ್ಟುಕೊಂಡಿರುವ ಸಾಧ್ಯತೆಯೂ ಹೆಚ್ಚು.

ಒಂದೇ ಹೆಸರು, ಎರಡು ತಂತ್ರಾಂಶ

ನಾವು ಟೈಪ್ ಮಾಡಿದ ಹೆಸರನ್ನು ಕಂಪ್ಯೂಟರ್ ಕೆಲವು ಫೋಲ್ಡರ್‌ಗಳಲ್ಲಿ ಒಂದಾದ ಮೇಲೊಂದರಂತೆ ಹುಡುಕುತ್ತದೆ. ಮೊದಲು ಸಿಕ್ಕಿದ್ದನ್ನೇ ಓಡಿಸುತ್ತದೆ. ನಮ್ಮ ಮನಸ್ಸಿನಲ್ಲಿ ಯಾವುದಿತ್ತು ಎಂದು ಅದಕ್ಕೆ ತಿಳಿಯುವುದಿಲ್ಲ.

ನೋಡ್ ಜೆಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಮಾಂಡ್ ‘ನೋಡ್’. ಆದರೆ ಡೆಬಿಯನ್ ಲಿನಕ್ಸ್‌ನಲ್ಲಿ ಹ್ಯಾಮ್ ರೇಡಿಯೋ ಬಳಸುವವರ ಒಂದು ತಂತ್ರಾಂಶ ಮೊದಲೇ ಆ ಹೆಸರಿನಲ್ಲಿತ್ತು. ವಿಷಯ ಡೆಬಿಯನ್‌ನ ತಾಂತ್ರಿಕ ಸಮಿತಿಯವರೆಗೂ ಹೋಗಿ, 2012ರಲ್ಲಿ ಇತ್ಯರ್ಥವಾಯಿತು. ಅದಾದ ಮೇಲೂ ಕೆಲವು ವರ್ಷ ಅಲ್ಲಿ ‘ನೋಡ್’ ಬದಲು ‘ನೋಡ್‌ಜೆಎಸ್’ ಎಂದೇ ಟೈಪ್ ಮಾಡಬೇಕಿತ್ತು.

ಕೋಡ್ ಮುಕ್ತ, ಹೆಸರು ಮುಕ್ತವಲ್ಲ

ಓಪನ್ ಸೋರ್ಸ್ ಪರವಾನಗಿ ಅನುಮತಿ ಕೊಡುವುದು ಮುಖ್ಯವಾಗಿ ಕೋಡ್‌ಗೆ. ಹೆಸರಿಗೆ ಟ್ರೇಡ್‌ಮಾರ್ಕ್ ನಿಯಮ ಬೇರೆ ಇರುತ್ತದೆ. ಇಂದಿನ ಫೈರ್‌ಫಾಕ್ಸ್ ಬ್ರೌಸರ್‌ನ ಮೊದಲ ಹೆಸರು ಫೀನಿಕ್ಸ್. ಟ್ರೇಡ್‌ಮಾರ್ಕ್ ತಕರಾರಿನಿಂದ ಅದು ಫೈರ್‌ಬರ್ಡ್ ಆಯಿತು. ಅದೇ ಹೆಸರಿನ ಡೇಟಾಬೇಸ್ ಯೋಜನೆಯವರು ಆಕ್ಷೇಪಿಸಿದ ಮೇಲೆ 2004ರಲ್ಲಿ ಫೈರ್‌ಫಾಕ್ಸ್ ಎಂದಾಯಿತು.

ಹೋಲುವ ಹೆಸರಿನ ಅಪಾಯ

ಇದಕ್ಕಿಂತ ಗಂಭೀರವಾದದ್ದು ಬೇಕೆಂದೇ ಮಾಡುವ ಮೋಸ. ಪ್ರಸಿದ್ಧ ಹೆಸರನ್ನು ಹೋಲುವ ಹೆಸರಿಟ್ಟು, ತಪ್ಪಾಗಿ ಟೈಪ್ ಮಾಡುವವರಿಗಾಗಿ ಕಾಯುವವರಿದ್ದಾರೆ. 2017ರಲ್ಲಿ ‘ಕ್ರಾಸ್-ಎನ್ವ್’ ಎಂಬ ಪ್ಯಾಕೇಜ್‌ನ ನಡುವಿನ ಅಡ್ಡಗೆರೆ ತೆಗೆದು ಇನ್ನೊಂದು ಪ್ಯಾಕೇಜ್ ಹಾಕಲಾಗಿತ್ತು. ಅದನ್ನು ಇನ್‌ಸ್ಟಾಲ್ ಮಾಡಿದವರ ಕಂಪ್ಯೂಟರ್‌ನಿಂದ ಪಾಸ್‌ವರ್ಡ್‌ನಂಥ ಗುಟ್ಟಿನ ಮಾಹಿತಿಯೂ ಇರಬಹುದಾದ ಸೆಟ್ಟಿಂಗ್‌ಗಳು ಹೊರಗೆ ಹೋಗುತ್ತಿದ್ದವು. 2019ರಲ್ಲಿ ‘ಜೆಲ್ಲಿಫಿಶ್’ ಎಂಬ ಪೈಥಾನ್ ಪ್ಯಾಕೇಜ್‌ನ ನಕಲಿ ಪತ್ತೆಯಾಯಿತು. ಇಂಗ್ಲಿಷಿನ ಸಣ್ಣ ‘ಎಲ್’ ಜಾಗದಲ್ಲಿ ದೊಡ್ಡ ‘ಐ’ ಇತ್ತು. ಕಣ್ಣಿಗೆ ಎರಡೂ ಒಂದು ಗೀಟಿನಂತೆ ಕಾಣುತ್ತವೆ!

ಹಾಗಾದರೆ ಹೆಸರಿಡುವ ಮುನ್ನ ಏನು ನೋಡಬೇಕು?

• ಆ ಹೆಸರಿನ ಕಮಾಂಡ್ ಅಥವಾ ಪ್ಯಾಕೇಜ್ ಈಗಾಗಲೇ ಇದೆಯೇ?
• ಆ ಹೆಸರಿಗೆ ಟ್ರೇಡ್‌ಮಾರ್ಕ್ ಇದೆಯೇ?
• ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ತಂತ್ರಾಂಶ ಸಿಗುತ್ತದೆಯೇ, ಸಾಮಾನ್ಯ ಪದಗಳ ನಡುವೆ ಕಳೆದುಹೋಗುತ್ತದೆಯೇ?
• ಒಮ್ಮೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ?

ನಮಗೂ ಇದಕ್ಕೂ ಏನು ಸಂಬಂಧ?

ನಮ್ಮಲ್ಲಿ ಹೆಚ್ಚಿನವರು ಕಮಾಂಡ್ ಲೈನ್ ಬಳಸುವುದಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ನಕಲಿ ಲಿಂಕ್‌ಗಳ ತಂತ್ರವೂ ಇದೇ: ಬ್ಯಾಂಕಿನ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಒಂದಕ್ಷರ ಬದಲು, ಒಂದು ಅಡ್ಡಗೆರೆ ಹೆಚ್ಚು. ಇಂಥ ಮೋಸಕ್ಕೆ ತಂತ್ರಜ್ಞರೇ ಬಲಿಯಾಗಬಹುದು ಎಂದಮೇಲೆ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಲಿಂಕ್ ಒತ್ತುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದೋಣ. ಅನುಮಾನ ಬಂದರೆ ಲಿಂಕ್ ಬಿಟ್ಟು, ನಮಗೆ ಗೊತ್ತಿರುವ ಅಧಿಕೃತ ವಿಳಾಸವನ್ನು ನಾವೇ ಟೈಪ್ ಮಾಡೋಣ.