ಹುಲ್ಲಿನ ಲಾರಿ ಅಂಗಳಕ್ಕೆ ಬಂದರೆ ಸಾಕೇ?

ಅಡಿಕೆ ದರ ಕೇಳಲು ಸಂಘದ ಕಚೇರಿಗೆ ಬರುವ ಸದಸ್ಯರು ಈಗ ಕೆಲವು ವರ್ಷಗಳಿಂದ ಇನ್ನೊಂದು ದರವನ್ನೂ ಕೇಳಿ ಹೋಗುತ್ತಾರೆ. ಅದು ಬಿಳಿಹುಲ್ಲಿನ ದರ. ಹಾನಗಲ್ಲಿನ ಕಡೆಯ ಲಾರಿ ಬಂತೇ, ರೋಲಿಗೆ ಎಷ್ಟು ಹೇಳುತ್ತಾರೆ, ಹೋದ ವರ್ಷಕ್ಕಿಂತ ಎಷ್ಟು ಏರಿದೆ ಎಂಬ ವಿಚಾರಣೆ. ಉತ್ತರ ಕೇಳಿದ ಮೇಲೆ ಬಹುಮಂದಿ ಆಡುವ ಮಾತೂ ಒಂದೇ: "ಈ ದರದಲ್ಲಿ ಆಕಳು ಸಾಕಿ ಪೂರೈಸುವುದಿಲ್ಲ, ಮಾರಾಯರೇ." ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ಲೆಕ್ಕ ಹಾಕಿ ನೋಡದೆ ಕೊಟ್ಟಿಗೆ ಖಾಲಿ ಮಾಡುವವರು ಹೆಚ್ಚುತ್ತಿರುವುದರಿಂದ ಈ ನಾಲ್ಕು ಮಾತು ಬರೆಯುವುದು ಅವಶ್ಯವೆನಿಸಿತು.

ಹುಲ್ಲು ಕೊಂಡು ತರುವುದು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಪದ್ಧತಿಯಲ್ಲ. ತೋಟವಿದ್ದವನಿಗೆ ತುಂಡು ಗದ್ದೆಯಾದರೂ ಇರುತ್ತಿತ್ತು. ಗದ್ದೆಯ ಅಕ್ಕಿ ಮನೆಗೆ, ಹುಲ್ಲು ಕೊಟ್ಟಿಗೆಯ ಅಟ್ಟಕ್ಕೆ. ಅದು ಸಾಲದಿದ್ದರೆ ಬೇಣದ ಕರಡ ಇತ್ತು. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ನಮಗೆ ಬಂದದ್ದು. ಜಾಗ ಸರಕಾರದ್ದಾದರೂ ಸೊಪ್ಪು, ದರಕು, ಹುಲ್ಲಿನ ಅನುಭೋಗ ನಮ್ಮದು. ಇವು ಮೂರೂ ಒಂದೊಂದಾಗಿ ಕೈಬಿಟ್ಟವು. ಗದ್ದೆ ತೋಟವಾಯಿತು. ಬೇಣ ಕೆಲವೆಡೆ ತೋಟವಾಯಿತು, ಕೆಲವೆಡೆ ಗೇರು ಹಿಡಿಯಿತು, ಕೆಲವೆಡೆ ಅಕೇಶಿಯಾ ಬಂದು ಕೆಳಗೆ ಹುಲ್ಲು ಏಳದಂತಾಯಿತು. ಬೆಟ್ಟ ಇದ್ದೂ ಕೊಯ್ಯುವ ಆಳು ಸಿಗದಾಯಿತು. ಉಳಿದ ಗದ್ದೆಗಳಲ್ಲಿಯೂ ಗಿಡ್ಡ ತಳಿಯ ಭತ್ತ ಬಂದ ಮೇಲೆ ಹುಲ್ಲಿನ ಉದ್ದ ಕಡಿಮೆಯಾಯಿತು. ಕೊಯ್ಲು ಯಂತ್ರ ಇಳಿದಲ್ಲಿ ಬುಡದ ಗೇಣುದ್ದದ ಕೂಳೆ ಗದ್ದೆಯಲ್ಲೇ ನಿಲ್ಲುತ್ತದೆ, ಉಳಿದದ್ದು ನುಗ್ಗಾಗಿ ಬೀಳುತ್ತದೆ.

ಹೀಗಾಗಿ ಇಂದು ಹುಲ್ಲು ಎಂದರೆ ಹಾನಗಲ್ಲು, ಮುಂಡಗೋಡು, ಬನವಾಸಿ ಕಡೆಯಿಂದ, ಯಲ್ಲಾಪುರದವರಿಗೆ ಕಲಘಟಗಿ, ಹಳಿಯಾಳ ಕಡೆಯಿಂದಲೂ, ಯಂತ್ರ ಸುತ್ತಿದ ರೋಲುಗಳಾಗಿ ಬರುವ ಸರಕು. ಇದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ದೂರವಾಣಿ ಮಾಡಿದರೆ ಲಾರಿ ಬರುತ್ತದೆ, ಅವರ ಆಳುಗಳೇ ಇಳಿಸಿ ಅಟ್ಟದ ಬುಡಕ್ಕೆ ಇಟ್ಟು ಹೋಗುತ್ತಾರೆ. ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದ ಕಡೆ ಇದು ಸಣ್ಣ ಉಪಕಾರವಲ್ಲ. ಅಂಥವರಿಗೆ "ಬೇಣಕ್ಕೆ ಹೋಗಿ ಕರಡ ಕೊಯ್ಯಿರಿ" ಎಂದು ಉಪದೇಶಿಸುವುದು ನನ್ನ ಉದ್ದೇಶವೂ ಅಲ್ಲ.

ಆದರೆ ನಾವು ಕೊಡುವ ಹಣದಲ್ಲಿ ಹುಲ್ಲಿಗೆಷ್ಟು, ಅನುಕೂಲಕ್ಕೆಷ್ಟು ಎಂಬುದನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ನಮಗಿಲ್ಲ. ಬೆಂಗಳೂರಿನಲ್ಲಿ ಈಗ ಮನೆಯೊಳಗೆ ಮೊಲ ಸಾಕುವವರಿದ್ದಾರೆ. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೂ ಹೊಟ್ಟೆ ಸರಿಯಿರಬೇಕಾದರೂ ದಿನವಿಡೀ ಒಣಹುಲ್ಲು ಮೆಲ್ಲುತ್ತಿರಬೇಕು. ಆ ಹುಲ್ಲು ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಕಿಲೋಗೆ ನೂರಾರು ರೂಪಾಯಿಯಂತೆ, ಕೊರಿಯರಿನ ಮೂಲಕ ಬಾಗಿಲಿಗೇ ಬರುತ್ತದೆ. ಕೇಳಿ ನಮ್ಮವರು ನಗುತ್ತಾರೆ. ನಗಲಡ್ಡಿಯಿಲ್ಲ, ಆದರೆ ಆ ಹಣದಲ್ಲಿ ಹುಲ್ಲಿನ ಬೆಲೆ ಅಲ್ಪ, ಪೊಟ್ಟಣ ಮತ್ತು ಸಾಗಾಟದ ಬೆಲೆಯೇ ಬಹಳ. ಪೊಟ್ಟಣ ಸಣ್ಣದಾದಷ್ಟೂ, ಬಾಗಿಲು ಸಮೀಪವಾದಷ್ಟೂ ಕಿಲೋದ ದರ ಏರುತ್ತದೆ. ಮೇ ತಿಂಗಳಲ್ಲಿ ಅಟ್ಟ ಬರಿದಾಗಿ, ಹತ್ತು ಹತ್ತು ರೋಲುಗಳಂತೆ ಪಿಕಪ್ ಗಾಡಿಯಲ್ಲಿ ತರಿಸುವ ನಾವು ಮಾಡುತ್ತಿರುವುದೂ ಇದನ್ನೇ. ಮೊಲ ಸಾಕಿದವನು ಅದನ್ನು ಪ್ರೀತಿಯ ಖರ್ಚೆಂದು ಬರೆದುಕೊಳ್ಳುತ್ತಾನೆ, ನಾವು ಮಾತ್ರ ಆಕಳ ಹೆಸರಿಗೆ ನಷ್ಟವೆಂದು ಬರೆಯುತ್ತೇವೆ.

ಮೊದಲ ತೊಡಕು ರೋಲಿನ ಲೆಕ್ಕದಲ್ಲಿ ಕೊಳ್ಳುವುದು. ರೋಲು ಎಂಬುದು ತೂಕವಲ್ಲ, ಆಕಾರ. ಯಂತ್ರ ಬಿಗಿಯಾಗಿ ಸುತ್ತಿದರೆ ಒಂದು ತೂಕ, ಸಡಿಲವಾಗಿ ಸುತ್ತಿದರೆ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಉದಾಹರಣೆಗೆ ರೋಲಿಗೆ 120 ರೂಪಾಯಿ ಎಂದಿಟ್ಟುಕೊಳ್ಳೋಣ. ರೋಲು 16 ಕಿಲೋ ತೂಗಿದರೆ ಕಿಲೋಗೆ ಬಿದ್ದದ್ದು ಏಳೂವರೆ ರೂಪಾಯಿ, 12 ಕಿಲೋ ತೂಗಿದರೆ ಹತ್ತು ರೂಪಾಯಿ. ದಿನಕ್ಕೆ 5 ಕಿಲೋ ಒಣಹುಲ್ಲಿನಂತೆ ವರ್ಷದಲ್ಲಿ 240 ದಿನ ಹಾಕಿದರೆ ಒಂದು ಆಕಳಿಗೆ 12 ಕ್ವಿಂಟಲ್, ಎರಡಕ್ಕೆ 24 ಕ್ವಿಂಟಲ್. ಹತ್ತು ರೂಪಾಯಿಯಂತೆ 24,000, ಏಳೂವರೆಯಂತೆ 18,000. ಲಾರಿಯವನೊಡನೆ ರೋಲಿಗೆ ಐದು ರೂಪಾಯಿ ಇಳಿಸಲು ಅರ್ಧ ತಾಸು ಚೌಕಾಸಿ ಮಾಡುವ ನಾವು, ತಕ್ಕಡಿ ಇಡದೆ ಆರು ಸಾವಿರ ರೂಪಾಯಿ ಬಿಟ್ಟುಕೊಟ್ಟಂತಾಯಿತು.

ಹಾಗೆಂದು ತೂಕಕ್ಕೆ ಕೊಂಡ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ರೋಲಿನ ಲೆಕ್ಕದಲ್ಲಿ ಗಾಳಿ ಮಾರುವವನು ತೂಕದ ಲೆಕ್ಕದಲ್ಲಿ ನೀರು ಮಾರಬಹುದು. ಇಬ್ಬನಿ ಆರುವ ಮೊದಲೇ ಸುತ್ತಿದ ಹುಲ್ಲು ತೂಕದಲ್ಲಿ ಭಾರ, ವಾರ ಕಳೆಯುವುದರೊಳಗೆ ಒಳಗಿನಿಂದ ಬೂಸ್ಟು ಹಿಡಿಯುತ್ತದೆ. ಹಸಿ ಹುಲ್ಲು ಒತ್ತಾಗಿ ಪೇರಿಸಿದಲ್ಲಿ ಕಾವು ಏರಿ ಬೆಂಕಿಯಾಗುವುದೂ ಉಂಟು. ಆದ್ದರಿಂದ ಲಾರಿ ಬಂದಾಗ ಮೇಲಿನ ನಾಲ್ಕು ರೋಲು ನೋಡಿ ಒಪ್ಪದೆ, ನಡುವಿನ ಒಂದೆರಡನ್ನು ಇಳಿಸಿ, ಸುತ್ತು ಬಿಡಿಸಿ ಒಳಗೆ ಕೈ ಹಾಕಿ ನೋಡಬೇಕು. ಬಿಸಿ ತಾಗಿದರೆ, ಹುಳಿ ವಾಸನೆ ಬಂದರೆ ಮುಲಾಜಿಲ್ಲದೆ ತಿರುಗಿಸಿ ಕಳಿಸಬೇಕು. ರೋಲಿಗೆ ಸುತ್ತಿದ ಪ್ಲಾಸ್ಟಿಕ್ ದಾರವನ್ನು ಪೂರ್ತಿ ತೆಗೆದೇ ಹುಲ್ಲು ಹಾಕುವುದೂ ಅಗತ್ಯ. ಆಕಳ ಹೊಟ್ಟೆ ಸೇರಿದ ದಾರ ಹೊರಬರುವುದು ಕಷ್ಟ.

ಎರಡನೆಯದು ಕಾಲದ ಮಾತು. ಬಯಲುಸೀಮೆಯ ಕೊಯ್ಲು ಮುಗಿದು ಹುಲ್ಲು ಗದ್ದೆಯಲ್ಲಿ ಬಿದ್ದಿರುವ ಡಿಸೆಂಬರ್, ಜನವರಿಯಲ್ಲಿ ಮಾರುವವನಿಗೆ ಅವಸರ. ಮೇ ಕೊನೆಯಲ್ಲಿ, ಮಳೆ ತಲೆಯ ಮೇಲೆ ಬಂದಾಗ, ಕೊಳ್ಳುವವರಿಗೆ ಅವಸರ. ಅವಸರವಿದ್ದವನೇ ಸೋಲುವುದು. ಆದರೆ ಡಿಸೆಂಬರ್ ಎಂದರೆ ನಮ್ಮಲ್ಲಿ ಕೊನೆಕೊಯ್ಲಿನ ತಿಂಗಳು. ಸುಲಿಯುವ, ಬೇಯಿಸುವ, ಒಣಗಿಸುವ ಗಲಾಟೆಯಲ್ಲಿ ಹುಲ್ಲಿನ ನೆನಪೂ ಇರುವುದಿಲ್ಲ, ಕೈಯಲ್ಲಿ ಹಣವೂ ಇರುವುದಿಲ್ಲ. ಅಡಿಕೆ ಮಾರಿ ಹಣ ಬರುವ ಹೊತ್ತಿಗೆ ಹುಲ್ಲು ಏರಿರುತ್ತದೆ. ಇಲ್ಲಿ ಸಾಲ ಮಾಡಿ ಹುಲ್ಲು ಕೊಂಡರೂ ನಷ್ಟವಿಲ್ಲ: 18,000 ರೂಪಾಯಿಗೆ ಶೇಕಡಾ 12ರಂತೆ ಆರು ತಿಂಗಳ ಬಡ್ಡಿ 1,080 ರೂಪಾಯಿ. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರಂಥ ವರ್ಷ ಬಂದರಂತೂ, ಅಟ್ಟದಲ್ಲಿ ಹುಲ್ಲಿದ್ದವನಿಗೂ ಇಲ್ಲದವನಿಗೂ ಇರುವ ಅಂತರ ಬಡ್ಡಿಯ ಲೆಕ್ಕದಲ್ಲಿ ಹೇಳುವಂಥದ್ದಲ್ಲ.

ಮೂರನೆಯದು ದಾರಿ. ಶಿರಸಿ ಪೇಟೆಯ ಆಸುಪಾಸಿನವರಿಗೆ ಸಿಗುವ ದರ ಸಿದ್ದಾಪುರದ ಒಳ ಹಳ್ಳಿಯವನಿಗೆ ಸಿಗಲಾರದು. ಹುಲ್ಲು ಹಗುರ, ಆದರೆ ಜಾಗ ತಿನ್ನುವ ಸರಕು. ಲಾರಿ ತುಂಬಿದರೂ ತೂಕ ತುಂಬುವುದಿಲ್ಲ, ಬಾಡಿಗೆ ಮಾತ್ರ ಪೂರ್ತಿ. ಡಾಂಬರು ರಸ್ತೆ ಮುಗಿದಲ್ಲಿ ಇಳಿಸಿ, ಮತ್ತೆ ಸಣ್ಣ ಗಾಡಿಗೆ ತುಂಬಿ, ಕೆಲವು ಮನೆಗಳಿಗೆ ಕೊನೆಯ ಫರ್ಲಾಂಗು ತಲೆಹೊರೆ. ಒಬ್ಬೊಬ್ಬರೇ ತರಿಸಿದರೆ ಈ ಬಾಡಿಗೆ ಒಬ್ಬೊಬ್ಬರ ತಲೆಗೇ. ಒಂದು ಕೇರಿಯ ನಾಲ್ಕೈದು ಮನೆಯವರು ಸೇರಿ ಒಂದು ಲಾರಿ ತರಿಸಿದರೆ ಹಂಚಿಹೋಗುತ್ತದೆ. ಹಬ್ಬಕ್ಕೆ, ಶ್ರಾದ್ಧಕ್ಕೆ ಕೂಡುವ ನಾವು ಇದೊಂದಕ್ಕೆ ಯಾಕೆ ಕೂಡುವುದಿಲ್ಲವೋ ತಿಳಿಯದು.

ಇಷ್ಟಾದರೂ ಹಾಲಿನ ಲೆಕ್ಕ ಹಾಕಿದರೆ ಹಲವರಿಗೆ ನಷ್ಟವೇ ಕಾಣಬಹುದು, ಮಲೆನಾಡು ಗಿಡ್ಡ ಸಾಕಿದವರಿಗಂತೂ ಖಂಡಿತ ಕಾಣುತ್ತದೆ. ಆದರೆ ನಮ್ಮ ಹಿರಿಯರು ಕೊಟ್ಟಿಗೆ ಕಟ್ಟಿದ್ದು ಹಾಲಿಗೊಂದಕ್ಕೇ ಅಲ್ಲ, ಗೊಬ್ಬರದ ಗುಂಡಿಗೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಕೊಡಬೇಕೆಂಬುದು ಸಂಶೋಧನಾ ಕೇಂದ್ರದ ಶಿಫಾರಸು. ಎಕರೆಗೆ ಸುಮಾರು 550 ಮರವೆಂದರೆ ಕಾಂಪೋಸ್ಟೇ 66 ಕ್ವಿಂಟಲ್ ಬೇಕು. ದಿನಕ್ಕೆ 10 ಕಿಲೋ ಸಗಣಿ ಎಂದು ಹಿಡಿದರೆ ಎರಡು ಆಕಳಿನಿಂದ ವರ್ಷಕ್ಕೆ 73 ಕ್ವಿಂಟಲ್ ಹಸಿ ಸಗಣಿ. ಕೊಳೆತಾಗ ತೂಕ ಇಳಿಯುತ್ತದೆ ನಿಜ, ಆದರೆ ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು, ಆಕಳು ಬಿಟ್ಟ ಹುಲ್ಲಿನ ದಂಟು ಎಲ್ಲ ಅದರೊಡನೆ ಸೇರುತ್ತವೆ. ಅಂತೂ ಎರಡು ಆಕಳು ಎಂದರೆ ಹತ್ತಿರ ಹತ್ತಿರ ಒಂದು ಎಕರೆ ತೋಟದ ಗೊಬ್ಬರ. ತೋಟದ ನಡುವೆ ಕಾಫಿ ಹಾಕಿದವರಿಗೆ ಬೇಕಾದದ್ದು ಇನ್ನೂ ಹೆಚ್ಚು. ಆಕಳು ಕೊಟ್ಟವರೂ ಹುಲ್ಲಿನ ಲಾರಿ ತಪ್ಪಿಸಿಕೊಂಡೆವೆಂದು ತಿಳಿಯಬೇಕಾಗಿಲ್ಲ. ಅದೇ ಬಯಲುಸೀಮೆಯಿಂದ ಗೊಬ್ಬರದ ಲಾರಿ ಅವರ ಅಂಗಳಕ್ಕೆ ಬರುತ್ತದೆ. ಅದರ ದರವನ್ನು ತರಿಸಿದ ಸದಸ್ಯರು ನನಗಿಂತ ಚೆನ್ನಾಗಿ ಬಲ್ಲರು. ಮಣ್ಣೆಷ್ಟು, ಗೊಬ್ಬರವೆಷ್ಟು, ಕಳೆಯ ಬೀಜವೆಷ್ಟು ಎಂಬುದನ್ನು ಮಾತ್ರ ಮಳೆಗಾಲ ಬಂದ ಮೇಲೆ ತಿಳಿಯಬೇಕು.

ಕೊಳ್ಳುವ ಹುಲ್ಲನ್ನು ಕಡಿಮೆ ಮಾಡುವ ದಾರಿಗಳೂ ಇವೆ. ನಮ್ಮ ತೋಟದಲ್ಲೇ ಬೀಳುವ ಹಾಳೆಯನ್ನು ಮೊದಲು ಹೇಳಬೇಕು. ಮರವೊಂದು ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ, ಎಕರೆಗೆ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ. ತಟ್ಟೆ ಮಾಡುವವರು ಒಯ್ದು ಉಳಿದದ್ದು ಗಿಡದ ಬುಡದಲ್ಲಿ ಕೊಳೆಯುತ್ತದೆ. ಸಣ್ಣಗೆ ತುಂಡರಿಸಿ, ನೀರಲ್ಲಿ ನೆನೆಸಿ ಹಾಕಿದರೆ ದನ ತಿನ್ನುತ್ತದೆ, ಬಿಳಿಹುಲ್ಲಿನ ಒಂದು ಪಾಲಿಗೆ ಅದು ಬದಲಾದೀತು. ತುಂಡರಿಸುವ ಯಂತ್ರವೂ ಬಂದಿದೆ. ಒಂದು ಮನೆಗೆ ಅದು ದುಬಾರಿ, ಒಂದು ಕೇರಿಗೆ ಅಲ್ಲ. ಬೇಸಿಗೆಯಲ್ಲಿ ಬಿದ್ದ ಒಣ ಹಾಳೆ ಉತ್ತಮ. ಬೂಸ್ಟು ಹಿಡಿದದ್ದನ್ನೂ ಬೋರ್ಡೋ ಸಿಂಪಡಿಸಿದ ಹೊಸತರಲ್ಲಿ ಬಿದ್ದದ್ದನ್ನೂ ಬಿಡುವುದು ಲೇಸು. ತೋಟದ ಅಂಚಿನಲ್ಲಿ, ಅಗಳದ ಬದುವಿನಲ್ಲಿ ನೇಪಿಯರ್ ಜಾತಿಯ ಹುಲ್ಲು ನಾಟಿದವರಿಗೆ ಮಳೆಗಾಲವಿಡೀ ಹಸಿರು ಸಿಗುತ್ತದೆ. ಕಾಫಿಗೆ ನೆರಳೆಂದು ಹಾಲವಾಣ ಇಟ್ಟವರು ಸವರಿದ ಸೊಪ್ಪನ್ನು ಮೊದಲು ಕೊಟ್ಟಿಗೆಗೆ ತರಬಹುದು. ಬೇಣ ಉಳಿಸಿಕೊಂಡ ಭಾಗ್ಯವಂತರು ಕರಡವನ್ನು ಹೂ ಬರುವ ಹೊತ್ತಿಗೇ, ದೀಪಾವಳಿಯ ಆಸುಪಾಸಿನಲ್ಲಿ, ಕೊಯ್ದು ಒಣಗಿಸಬೇಕು. ಪೂರ್ತಿ ಒಣಗಿ ನಿಂತ ಮೇಲೆ ಕೊಯ್ದರೆ ಅದರಲ್ಲಿ ಸತ್ವವಿಲ್ಲ, ಅಷ್ಟು ಹೊತ್ತಿಗೆ ಕೊನೆಕೊಯ್ಲು ಹತ್ತಿ ಆಳೂ ಇಲ್ಲ.

ಬಿಳಿಹುಲ್ಲಿನಲ್ಲಿಯೂ ಸತ್ವ ಕಡಿಮೆಯೇ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವ ಕ್ರಮ ಬಹು ಹಿಂದಿನಿಂದ ಪ್ರಚಾರದಲ್ಲಿದೆ. ಅಳತೆ ತಪ್ಪಿದರೆ ಅಪಾಯವಾದ್ದರಿಂದ ಪಶುವೈದ್ಯರ ಎದುರಿನಲ್ಲಿ ಒಮ್ಮೆ ಕಲಿತೇ ಮಾಡಬೇಕು, ಕರುಗಳಿಗೆ ಹಾಕಕೂಡದು.

ಇನ್ನು ಸಂಘ ಏನು ಮಾಡಬೇಕೆಂಬ ಪ್ರಶ್ನೆ. "ಅಡಿಕೆ ಮಾರುವ ಸಂಘಕ್ಕೆ ಹುಲ್ಲಿನ ಉಸಾಬರಿ ಯಾಕೆ?" ಎಂದು ಕೆಲವು ಸದಸ್ಯರು ಕೇಳುತ್ತಾರೆ. ಹುಲ್ಲನ್ನು ಗೋದಾಮಿನಲ್ಲಿ ತುಂಬಿಡಬೇಕೆಂದು ನಾನೂ ಹೇಳುವುದಿಲ್ಲ. ಬೆಂಕಿಯ ಭಯ, ಇಲಿಯ ಕಾಟ, ಜಾಗದ ಅಡಚಣೆ ಎಲ್ಲ ಇದ್ದದ್ದೇ. ಉಳಿದ ಹುಲ್ಲಿನ ನಷ್ಟ ಹೊರುವುದು ಹುಲ್ಲು ಬೇಡದ ಸದಸ್ಯನಿಗೆ ನ್ಯಾಯವೂ ಅಲ್ಲ. ಸಂಘ ಮಾಡಬಹುದಾದದ್ದು ಇಷ್ಟೇ: ನವೆಂಬರಿನೊಳಗೆ ಬೇಡಿಕೆ ಬರೆದುಕೊಂಡು, ಒಟ್ಟು ಸೇರಿಸಿ, ಕ್ವಿಂಟಲ್ ಲೆಕ್ಕದಲ್ಲಿ ದರ ಗೊತ್ತುಮಾಡುವುದು. ಗದ್ದೆಯಿಂದ ಹೊರಟ ಲಾರಿ ತೂಕದ ಕಟ್ಟೆಯ ಮೇಲೆ ತುಂಬಿದ್ದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ನಿಂತು, ನೇರ ಸದಸ್ಯರ ಅಂಗಳಕ್ಕೆ ಹೋಗಬೇಕು. ಒಟ್ಟು ತೂಕವನ್ನು ರೋಲಿನ ಸಂಖ್ಯೆಯಿಂದ ಭಾಗಿಸಿದರೆ ಆ ಲಾರಿಯ ರೋಲಿನ ಸರಾಸರಿ ತೂಕ ಸಿಕ್ಕಿತು. ಯಾರು ಎಷ್ಟು ರೋಲು ಇಳಿಸಿಕೊಂಡರೋ ಅಷ್ಟಕ್ಕೆ ಅವರ ಲೆಕ್ಕ. ಹಣವನ್ನು ಅಡಿಕೆ ಖಾತೆಯಿಂದ ಮುರಿದುಕೊಂಡರಾಯಿತು. ಐವತ್ತು ಸದಸ್ಯರು ತಲಾ 24 ಕ್ವಿಂಟಲ್ ಬೇಡಿದರೆ 1,200 ಕ್ವಿಂಟಲ್ ಆಯಿತು. ಅಷ್ಟು ಹುಲ್ಲಿಗೆ ಗಿರಾಕಿ ಸಿಗುವಾಗ ತೂಕಕ್ಕೆ ಕೊಡುವುದಿಲ್ಲ ಎನ್ನುವ ವ್ಯಾಪಾರಿ ವಿರಳ.

ಈ ವಿಷಯ ಮುಂದಿನ ಆಡಳಿತ ಮಂಡಳಿಯ ಸಭೆಗೆ ಬರಲಿದೆ. ಅದಕ್ಕೆ ಮೊದಲು ಆಸಕ್ತ ಸದಸ್ಯರು ಒಂದು ಕಾರ್ಡಿನಲ್ಲಿಯೋ ಚೀಟಿಯಲ್ಲಿಯೋ ತಮ್ಮಲ್ಲಿ ದನ ಎಷ್ಟಿವೆ, ಹುಲ್ಲು ಎಷ್ಟು ಕ್ವಿಂಟಲ್ ಬೇಕು, ಮಳೆ ತಾಗದಂತೆ ಇಡಲು ಅಟ್ಟ ಅಥವಾ ಮಾಡು ಇದೆಯೇ ಎಂದು ತಿಳಿಸಬೇಕಾಗಿ ವಿನಂತಿ. ಲಾರಿ ಅಂಗಳದವರೆಗೆ ಬರುತ್ತದೆಯೋ ಸಂಕದ ಆಚೆಗೇ ನಿಲ್ಲುತ್ತದೆಯೋ ಎಂಬುದನ್ನು ಮರೆಯದೆ ಬರೆಯಿರಿ. ಬಾಡಿಗೆಯ ಮಾತಾಡುವಾಗ ವ್ಯಾಪಾರಿ ಕೇಳುವ ಮೊದಲ ಪ್ರಶ್ನೆ ಅದೇ.