ಮಾಡಿದ್ದಕ್ಕೆ ಫೋಟೊ ಕೊಡಿ

2025ರ ಸೆಪ್ಟೆಂಬರ್ 22ರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೇಲೆ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಅದೇ ದಿನ ಬೆಟ್ಟದ ಕೆಳಗೆ, ಮೈಸೂರಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು, ಮಿಸ್ಸುಗಳು ಕೈಯಲ್ಲಿ ಮೊಬೈಲ್ ಹಿಡಿದು ಕರೆಂಟ್ ಮೀಟರ್ ಹುಡುಕಲು ಹೊರಟಿದ್ದರು. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದದ್ದು ಅಂದೇ. ಸುಮಾರು ಎರಡು ಕೋಟಿ ಮನೆ, ಮನೆಗೆ 60 ಪ್ರಶ್ನೆ, ಒಂದೂಮುಕ್ಕಾಲು ಲಕ್ಷದಷ್ಟು ಶಿಕ್ಷಕರು. ಮಕ್ಕಳಿಗೆ ದಸರಾ ರಜೆ, ಮೇಷ್ಟ್ರಿಗೆ ದಸರಾ ಡ್ಯೂಟಿ.

ಮೀಟರ್ ಯಾಕೆಂದರೆ, ಈ ಸಮೀಕ್ಷೆಗೆ ಮನೆ ಎಂದರೆ ಮೀಟರ್. ವಿದ್ಯುತ್ ಕಂಪನಿಗಳ ಮೀಟರ್ ರೀಡರುಗಳು ಮೊದಲೇ ಮನೆಮನೆಗೆ ಬಂದು, ಮೊಬೈಲಿನಲ್ಲಿ ಜಾಗ ಗುರುತು ಮಾಡಿ, ಬಾಗಿಲ ಬಳಿ ಒಂದು ಚೀಟಿ ಅಂಟಿಸಿ ಹೋಗಿದ್ದರು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಒಂದು ಕಟ್ಟಡಕ್ಕೆ ಮೂರು ಮೀಟರ್ ಇದ್ದರೆ ಚೀಟಿಯೂ ಮೂರು. ಕೆಲವು ಕಡೆ ಮಳೆಗೆ ಚೀಟಿ ಹೋಗಿತ್ತು, ಕೆಲವು ಕಡೆ ಬಣ್ಣ ಹೊಡೆಸುವವರು ಕಿತ್ತು ಎಸೆದಿದ್ದರು. ಪಟ್ಟಿಯಲ್ಲಿನ ಒಂದು ಮನೆ ಈ ಬಡಾವಣೆಯಲ್ಲಿ, ಮುಂದಿನದ್ದು ಇನ್ನೊಂದರಲ್ಲಿ ಎಂಬ ದೂರು ರಾಜ್ಯದ ಹಲವು ಕಡೆಯಿಂದ ಬಂತು. ಮನೆ ಸಿಕ್ಕಿತು ಅನ್ನಿ, ಆ್ಯಪ್ ತೆರೆಯದು. ಆ್ಯಪ್ ತೆರೆಯಿತು, ಸರ್ವರ್ ಇಲ್ಲ. ಸರ್ವರ್ ಬಂತು, ಮನೆಯವರ ಮೊಬೈಲಿಗೆ ಓಟಿಪಿ ಹೋಯಿತು, ಮೊಬೈಲ್ ಗಂಡನ ಹತ್ತಿರ, ಗಂಡ ಫ್ಯಾಕ್ಟರಿಯಲ್ಲಿ. "ಸಂಜೆ ಬನ್ನಿ ಮಿಸ್" ಎಂದು ಬಾಗಿಲು ಹಾಕಿಕೊಂಡ ಆ ಮನೆಯಾಕೆಯದೂ ತಪ್ಪಲ್ಲ.

ಸೆಪ್ಟೆಂಬರ್ 25ರಂದು ಹೈಕೋರ್ಟ್ ಒಂದು ಮಾತು ಹೇಳಿತು: ಸಮೀಕ್ಷೆಯಲ್ಲಿ ಪಾಲ್ಗೊಳ್ಳುವುದು ಜನರ ಇಷ್ಟ, ಬಲವಂತ ಕೂಡದು. ನ್ಯಾಯವಾದ ಮಾತೇ. ಆದರೆ ಆ ಮಾತಿನ ನಂತರ ಗೇಟಿನ ಒಳಗೆ ನಿಂತವರಿಗೆ ಬೇಡ ಅನ್ನುವ ಹಕ್ಕು ಬಂತು, ಗೇಟಿನ ಹೊರಗೆ ನಿಂತವರಿಗೆ ಬರಲಿಲ್ಲ. ಸಮೀಕ್ಷೆಯಲ್ಲಿ ನಿರ್ಲಕ್ಷ್ಯ ತೋರಿದರೆಂದು ಶಿಕ್ಷಕರನ್ನು ಅಮಾನತು ಮಾಡಿದ ಸುದ್ದಿ ಒಂದೊಂದು ಜಿಲ್ಲೆಯಿಂದ ಬರುತ್ತಲೇ ಇತ್ತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಗಣತಿ ಮೊದಲು 18ರವರೆಗೆ ಹೋಯಿತು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯೂ ಅದರ ಹಿಂದೆ ಹೋಯಿತು. ನಡುವೆ ಜಂಬೂಸವಾರಿ ಬಂದು ಹೋದದ್ದು ಮೈಸೂರಿನ ಎಷ್ಟು ಶಿಕ್ಷಕರ ಗಮನಕ್ಕೆ ಬಂತೋ.

ನಾನು ಮಾತಾಡಿಸಿದ ಶಿಕ್ಷಕರ ಪೈಕಿ ಯಾರೂ ಸಮೀಕ್ಷೆ ಬೇಡ ಅನ್ನಲಿಲ್ಲ. ಗೌರವಧನ ಸಾಲದು ಅಂತಲೂ ಮೊದಲ ಮಾತಿಗೆ ಅನ್ನಲಿಲ್ಲ. ಗಣತಿ ಮಾಡುವುದು ಮೇಷ್ಟ್ರಿಗೆ ಹೊಸದಲ್ಲ, 2011ರ ಜನಗಣತಿಗೂ ಅವರೇ ಕಾಗದದ ನಮೂನೆ ಹಿಡಿದು ಬಿಸಿಲಲ್ಲಿ ಸುತ್ತಿದ್ದರು. ಈ ಸಲ ಅವರ ಹೊಟ್ಟೆ ಉರಿಸಿದ್ದು ಬೇರೆ. ಇಡೀ ದಿನ ಸುತ್ತಿ, ಹತ್ತು ಮನೆಯವರ ಜೊತೆ ಮಾತಾಡಿ, ಸಂಜೆ ನೋಡಿದರೆ ಆ್ಯಪಿನಲ್ಲಿ ಎರಡೇ ಮನೆ. ಮೇಲಿನವರಿಗೆ ಕಾಣುವುದು ಆ ಎರಡು. "ಏನು ಮಾಡ್ತಿದ್ರಿ ಬೆಳಿಗ್ಗೆಯಿಂದ?" ಎಂಬ ಪ್ರಶ್ನೆ ವಾಟ್ಸ್ಆ್ಯಪ್ ಗುಂಪಿನಲ್ಲಿ, ಎಲ್ಲರ ಎದುರಿಗೆ.

ಈ ಪ್ರಶ್ನೆ ಈಗ ನಮ್ಮ ಊರಿನ ಎಲ್ಲ ಕೆಲಸಗಳ ಮೇಲೂ ಕೂತಿದೆ ಎಂಬುದು ನನ್ನ ಗುಮಾನಿ. ಜನ ಕೆಲಸ ಬೇಜಾರು ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಬೇಜಾರು ಕೆಲಸದ್ದಲ್ಲ, ಮಾಡಿದೆ ಎಂದು ತೋರಿಸುವ ಕೆಲಸದ್ದು. ಪಾಠ ಮಾಡುವುದಕ್ಕೆ ಮುನ್ನ ಹಾಜರಾತಿ ಅಪ್‌ಲೋಡ್, ಬಿಸಿಯೂಟದ ಲೆಕ್ಕ ಅಪ್‌ಲೋಡ್, ದಿನಾಚರಣೆಯೊಂದು ಬಂದರೆ ಅದರ ಫೋಟೊ ಅಪ್‌ಲೋಡ್. ಮೊಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ಮಕ್ಕಳಿಗೆ ಮೊಟ್ಟೆ ಕೊಡುವುದು ಒಳ್ಳೆಯ ಕಾರ್ಯಕ್ರಮ, ಅದರ ಬಗ್ಗೆ ಎರಡು ಮಾತಿಲ್ಲ. ಮೊಟ್ಟೆಗೆ ಸರ್ಕಾರ ನಿಗದಿ ಮಾಡಿದ್ದು 6 ರೂಪಾಯಿ, ಬೇಯಿಸುವ ಖರ್ಚು, ಸುಲಿಯುವ ಕೂಲಿ ಎಲ್ಲ ಅದರೊಳಗೇ. ಅಂಗಡಿಯಲ್ಲಿ ಮೊಟ್ಟೆಯ ಬೆಲೆಯೇ ಅದನ್ನು ದಾಟಿದಾಗ ಮುಖ್ಯಶಿಕ್ಷಕರು ತಮ್ಮ ಜೇಬಿಗೆ ಕೈ ಹಾಕುತ್ತಾರೆ. ಜೇಬಿನಿಂದ ಹೋದದ್ದಕ್ಕಿಂತ ಹೆಚ್ಚು ಉರಿಯುವುದು, ಮರುದಿನ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಮೊಟ್ಟೆ ತಿನ್ನದ ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಎಂಬ ಲೆಕ್ಕ ತಾಳೆಯಾಗಲಿಲ್ಲವೆಂದು ಬರುವ ಫೋನು.

ಇದು ನಮ್ಮಲ್ಲಷ್ಟೇ ಕಂಡ ಸಂಗತಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಹರ್ಜ್‌ಬರ್ಗ್ ತನ್ನ ಜೊತೆಗಾರರೊಂದಿಗೆ ಪಿಟ್ಸ್‌ಬರ್ಗ್ ಸುತ್ತಮುತ್ತಲ ಇನ್ನೂರು ಚಿಲ್ಲರೆ ಎಂಜಿನಿಯರುಗಳು, ಅಕೌಂಟೆಂಟುಗಳನ್ನು ಕೂರಿಸಿಕೊಂಡು, ಕೆಲಸದಲ್ಲಿ ಯಾವಾಗ ತುಂಬ ಖುಷಿಯಾಗಿತ್ತು, ಯಾವಾಗ ತಲೆ ಕೆಟ್ಟಿತ್ತು ಎಂದು ಕೇಳಿದ. 1959ರಲ್ಲಿ ಪುಸ್ತಕವಾಯಿತು. ಖುಷಿ ಬಂದದ್ದು ಕೆಲಸದಿಂದಲೇ: ಏನೋ ಸಾಧಿಸಿದೆ, ಯಾರೋ ಗುರುತಿಸಿದರು. ತಲೆ ಕೆಡಿಸಿದವುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಸಂಬಳವಲ್ಲ, ಕಂಪನಿಯ ನಿಯಮ ಮತ್ತು ಆಡಳಿತದ ರೀತಿ. ಮೇಲಧಿಕಾರಿಯ ಕಾಟ ಅದರ ಹತ್ತಿರವೇ ಇತ್ತು. ಆ ಕಾಲದಲ್ಲಿ ವಾಟ್ಸ್ಆ್ಯಪ್ ಗುಂಪು ಬೇರೆ ಇರಲಿಲ್ಲ.

ನಮ್ಮ ದೊಡ್ಡವರು ಮಾತ್ರ ಗಂಟೆಯ ಲೆಕ್ಕದಲ್ಲೇ ಇದ್ದಾರೆ. ಇಲ್ಲಿಯ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಇನ್ಫೊಸಿಸ್‌ನ ನಾರಾಯಣಮೂರ್ತಿ 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿಯ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಆ ಗಂಟೆಗಳ ಒಳಗೆ ಏನಿದೆ ಎಂದು ಇಬ್ಬರೂ ಕೇಳಲಿಲ್ಲ. 70 ಗಂಟೆಯಲ್ಲಿ 20 ಗಂಟೆ, 50 ಗಂಟೆಯ ಕೆಲಸದ ವರದಿ ತಯಾರಿಸುವುದಕ್ಕೇ ಹೋದರೆ ದೇಶ ಹೇಗೆ ಮುಂದುವರಿಯುತ್ತದೋ ನನಗಂತೂ ತಿಳಿಯದು.

ಬೆಟ್ಟಕ್ಕೆ ಹೋಗುವ 201 ನಂಬರಿನ ಸಿಟಿ ಬಸ್ಸಿನಲ್ಲಿ ಒಂದು ಭಾನುವಾರ ಹತ್ತಿ ನೋಡಿ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂದಾಗಿನಿಂದ ಹೆಂಗಸರಿಗೆ ಪ್ರಯಾಣ ಉಚಿತ, ಆದರೆ ಕರ್ನಾಟಕದವರಿಗೆ ಮಾತ್ರ. ಉಚಿತವಾದರೂ ಶೂನ್ಯ ಟಿಕೆಟ್ ಹರಿಯಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆ. ಬೆಟ್ಟದ ಬಸ್ಸಿನಲ್ಲಿ ಊಟಿಯವರಿದ್ದಾರೆ, ವಯನಾಡಿನವರಿದ್ದಾರೆ, ಹೈದರಾಬಾದಿನವರಿದ್ದಾರೆ. ಕಂಡಕ್ಟರ್ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ ಯಂತ್ರ ಹಿಡಿದು, ತಿರುವಿನಲ್ಲಿ ವಾಲುತ್ತಾ ಒಬ್ಬೊಬ್ಬರ ಆಧಾರ್ ಕಾರ್ಡಿನ ವಿಳಾಸ ಓದಬೇಕು. ಫೋಟೊ ಮಸುಕಾಗಿದೆ, ವಿಳಾಸ ಹಳೆಯದು, ಕಾರ್ಡ್ ಚೀಲದ ತಳದಲ್ಲಿದೆ. "ಯಾಕಪ್ಪಾ, ನಮ್ಮನ್ನ ನೋಡಿದ್ರೆ ಗೊತ್ತಾಗಲ್ವಾ?" ಎಂದು ನಂಜನಗೂಡಿನ ಅಜ್ಜಿ ಗದರಿಸುತ್ತಾರೆ. ಗೊತ್ತಾಗುತ್ತದೆ. ಆದರೆ ಗೊತ್ತಾಗಿದೆ ಎನ್ನುವುದನ್ನು ನಂಬುವವರಿಲ್ಲ. ಮುಂದಿನ ಸ್ಟಾಪಿನಲ್ಲಿ ತನಿಖೆಯವರು ಹತ್ತಿ ತಲೆ ಎಣಿಸುತ್ತಾರೆ. ಒಂದು ತಲೆ ಹೆಚ್ಚಿ ಒಂದು ಟಿಕೆಟ್ ಕಡಿಮೆಯಾದರೆ ಮೆಮೊ, ತಲೆ ಕಡಿಮೆಯಾಗಿ ಶೂನ್ಯ ಟಿಕೆಟ್ ಹೆಚ್ಚಾದರೆ ಸುಳ್ಳು ಲೆಕ್ಕದ ಆಪಾದನೆ. ಚಿಲ್ಲರೆಯ ಹಳೆಯ ಜಗಳ ಕ್ಯೂಆರ್ ಕೋಡ್ ಬಂದ ಮೇಲೆ ಕೊಂಚ ಇಳಿದಿದೆ ಎಂಬುದೊಂದೇ ಸಮಾಧಾನ. ಅದಕ್ಕೂ ನೆಟ್‌ವರ್ಕ್ ಬೇಕು ಎಂಬುದು ಬೆಟ್ಟದ ತಿರುವಿನಲ್ಲಿ ನೆನಪಾಗುತ್ತದೆ.

ಅಂಗನವಾಡಿಯದು ಇನ್ನೊಂದು ಕಥೆ. ಕೇಂದ್ರದ ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಬಂತು. 2025ರ ಜುಲೈಯಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಬೀದಿಯ ಬಾಣಂತಿಯನ್ನು ಹೆಸರು ಹಿಡಿದು ಕರೆಯುವ ಕಾರ್ಯಕರ್ತೆ, ಆಕೆಯ ಹೆರಿಗೆಗೆ ಆಸ್ಪತ್ರೆವರೆಗೂ ಹೋಗಿದ್ದವಳು, ಈಗ ಆಕೆಯ ಮುಖವನ್ನು ಕ್ಯಾಮೆರಾ ಒಪ್ಪುವವರೆಗೆ ಬೆಳಕಿಗೆ ತಿರುಗಿಸಿ ನಿಲ್ಲಿಸುತ್ತಾಳೆ. "ಕಣ್ಣು ಮಿಟುಕಿಸಮ್ಮ, ಇನ್ನೊಂದ್ಸಲ." ಇದರಲ್ಲಿ ನಗು ಬರುವುದು ನೋಡುವವರಿಗೆ. ಮಗು ಅಳುತ್ತಿದೆ, ಒಲೆಯ ಮೇಲೆ ಸಾರು ಇದೆ.

ಇನ್ನು ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಕೂತು, 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಅವರ ಬೇಡಿಕೆ ಪಟ್ಟಿ ಓದಿದರೆ ವಿಚಿತ್ರವೆನಿಸುತ್ತದೆ. ಒಂದು ಕಡೆ, ಹತ್ತಾರು ಆ್ಯಪುಗಳ ಕೆಲಸ ಒಟ್ಟಿಗೆ ಹೇರಬೇಡಿ ಎಂಬ ಮೊರೆ. ಇನ್ನೊಂದು ಕಡೆ ಮೇಜು, ಕುರ್ಚಿ, ಅಲ್ಮೆರಾ ಕೊಡಿ ಎಂಬ ಬೇಡಿಕೆ. ಉಪಗ್ರಹದಿಂದ ಹೊಲ ತೋರಿಸುವ ಆಡಳಿತ ಕುರ್ಚಿ ಕೊಡುವುದನ್ನು ಮರೆತಿತ್ತು.

ಇಷ್ಟೆಲ್ಲ ಹೇಳುವಾಗ ಇನ್ನೊಂದು ಪಕ್ಕವನ್ನು ಮುಚ್ಚಿಡಬಾರದು. ಈ ಫೋಟೊ, ಬೆರಳಚ್ಚು, ಜಿಪಿಎಸ್ ಸುಮ್ಮನೆ ಬಂದವಲ್ಲ. ಶಾಲೆಗೆ ಬಾರದೆ ಸಹಿ ಹಾಕಿದ ಮೇಷ್ಟ್ರುಗಳಿದ್ದರು. ಮಸ್ಟರ್ ರೋಲಿನಲ್ಲಿ ಹೆಸರಿದ್ದು ಬೀದಿಯಲ್ಲಿ ಪೊರಕೆ ಹಿಡಿಯದವರಿದ್ದರು, ಆ ಹೆಸರಿನ ಸಂಬಳ ಗುತ್ತಿಗೆದಾರರ ಜೇಬಿಗೆ ಹೋಗುತ್ತಿತ್ತು. ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಜನರ ಸಿಟ್ಟಿನಿಂದಲೇ ಈ ವ್ಯವಸ್ಥೆ ಹುಟ್ಟಿತು. ಆದರೆ ಕಳ್ಳನಿಗೆಂದು ಹಾಕಿದ ಬೀಗದ ಕೀಲಿ ಕಳ್ಳನ ಬಳಿಯೂ ಇದೆ. ಬೆಳಗಿನ ಜಾವದಿಂದ ಗುಡಿಸಿ ಬೆರಳ ಗೆರೆ ಸವೆದ ಪೌರಕಾರ್ಮಿಕರ ಬೆರಳನ್ನು ಯಂತ್ರ ಒಪ್ಪುವುದಿಲ್ಲ, ಅವರ ಅರ್ಧ ದಿನದ ಕೂಲಿಯ ಬಗ್ಗೆ ವಾದ ಹತ್ತುತ್ತದೆ. ಗುತ್ತಿಗೆದಾರರು ಮಾತ್ರ ಹೊಸ ದಾರಿ ಕಂಡುಕೊಂಡಿರುತ್ತಾರೆ.

ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು 2015ರಲ್ಲೂ 2016ರಲ್ಲೂ ದೇಶಕ್ಕೆ ಮೊದಲು ಬಂತು. ಬಂದದ್ದು ಗುಡಿಸಿದ್ದರಿಂದ. ಆಮೇಲಿನ ವರ್ಷಗಳ ಸರ್ವೇಕ್ಷಣೆಯಲ್ಲಿ ಎಷ್ಟು ಜನ ಸ್ವಚ್ಛತಾ ಆ್ಯಪ್ ಹಾಕಿಕೊಂಡಿದ್ದಾರೆ ಎಂಬುದಕ್ಕೂ ಅಂಕ ಬಂತು. ಕಸದ ಲೆಕ್ಕ ನೋಡಬೇಕಿದ್ದ ಸಿಬ್ಬಂದಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ "ಸಾರ್, ಒಂದು ಆ್ಯಪ್ ಡೌನ್‌ಲೋಡ್ ಮಾಡ್ಕೊಳಿ" ಎಂದು ಬೇಡುವ ಸ್ಥಿತಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಳಿಗ್ಗೆ ಕುದುರೆ ಏರಿ ಊರು ಸುತ್ತಿ, ರಸ್ತೆ ಚರಂಡಿಗಳನ್ನು ಕಣ್ಣಾರೆ ನೋಡುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಆ ಕಾಲದಲ್ಲಿ ಚರಂಡಿಗೆ ಇಳಿದವರ ಬದುಕು ಚೆನ್ನಾಗಿತ್ತು ಎಂದು ಯಾರೂ ಭ್ರಮಿಸಬೇಕಿಲ್ಲ. ಆದರೆ ದಿವಾನರು ನೋಡಿದ್ದು ಚರಂಡಿಯನ್ನು. ಗುಡಿಸಿದವರ ಸೆಲ್ಫಿಯನ್ನಲ್ಲ.

ನರೇಗಾದಲ್ಲಿ ಏನಾಯಿತು ನೋಡಿ. 2023ರ ಜನವರಿಯಿಂದ ಕೂಲಿಕಾರರ ಫೋಟೊವನ್ನು ದಿನಕ್ಕೆ ಎರಡು ಸಲ ಆ್ಯಪಿಗೆ ಏರಿಸುವುದು ಕಡ್ಡಾಯವಾಗಿತ್ತು. 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಫೋಟೊಗಳು ಏರುತ್ತಿವೆ ಎಂದು ಒಪ್ಪಿಕೊಂಡಿತು. ಅದಕ್ಕೆ ಕಂಡುಕೊಂಡ ಔಷಧಿ: ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಫೋಟೊವನ್ನೂ ಯಾರಾದರೂ ಕೂತು ಪರಿಶೀಲಿಸಬೇಕು, ಮೇಲಿನ ಮಟ್ಟಗಳಲ್ಲಿ ಅದರ ಒಂದು ಪಾಲನ್ನು ಮತ್ತೆ ನೋಡಬೇಕು. ನಂಬಿಕೆಯಿಲ್ಲದ ಕಡೆ ಫೋಟೊ ಬಂತು, ಫೋಟೊದ ಮೇಲೆ ನಂಬಿಕೆ ಹೋದಾಗ ಫೋಟೊ ನೋಡುವವರು ಬಂದರು.

ಖಾಸಗಿಯಲ್ಲಿ ಇದಿಲ್ಲ ಅಂದುಕೊಂಡವರು ಸಯ್ಯಾಜಿರಾವ್ ರಸ್ತೆಯ ಯಾವುದಾದರೂ ದೊಡ್ಡ ಬಟ್ಟೆ ಅಂಗಡಿಗೆ ಮಧ್ಯಾಹ್ನ ಮೂರಕ್ಕೆ, ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ. ಸೀರೆ ತೋರಿಸುವ ಹುಡುಗಿಯರು ನಿಂತೇ ಇರುತ್ತಾರೆ. ಎದುರಿಗೆ ಯಾರೂ ಇಲ್ಲ, ಮಡಿಸುವ ಸೀರೆಯೂ ಇಲ್ಲ, ಆದರೂ ನಿಂತಿರಬೇಕು. ಕೂತರೆ ಕೆಲಸ ಮಾಡುತ್ತಿಲ್ಲ ಎಂದು ಮೇಲಿನ ಕ್ಯಾಮೆರಾಗೆ ಕಾಣುತ್ತದೆ. ಸಂಜೆಗೆ ಊದಿದ ಕಾಲಿನಲ್ಲಿ ಅವರು ಬಸ್ ಹಿಡಿಯುತ್ತಾರೆ, ಆ ಬಸ್ಸಿನಲ್ಲೂ ಸೀಟಿರುವುದಿಲ್ಲ. ಕೇರಳ 2018ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಅವಕಾಶ ಕೊಡಲೇಬೇಕೆಂದು ಕಾನೂನಿಗೆ ತಿದ್ದುಪಡಿ ತಂದಿತು, ಅದಕ್ಕಾಗಿ ಅಲ್ಲಿಯ ಅಂಗಡಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದರು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಗುಂಡ್ಲುಪೇಟೆ ದಾಟಿ ಎರಡು ಕವಲಿನಲ್ಲಿ ಯಾವ ಕಡೆ ಹೋದರೂ ಈ ಹಕ್ಕು ಸಿಗುತ್ತದೆ.

ಸರ್ಕಾರದ ಕಡೆಯವರಿಗೆ ನನ್ನದು ಒಂದು ಸಣ್ಣ ಬೇಡಿಕೆ. ಹೊಸ ಆ್ಯಪೊಂದನ್ನು ಮೇಷ್ಟ್ರ ಮೊಬೈಲಿಗೆ ಹಾಕುವ ದಿನವೇ ಹಳೆಯ ರಿಜಿಸ್ಟರ್ ಒಂದನ್ನು ತೆಗೆದುಬಿಡಿ. ಈಗ ಎರಡೂ ನಡೆಯುತ್ತಿವೆ: ಪುಸ್ತಕದಲ್ಲಿ ಬರೆದು ಅದರ ಫೋಟೊ ತೆಗೆದು ಏರಿಸುವುದು. ಜೊತೆಗೆ, ಆ್ಯಪ್ ಮಾಡಿಸುವ ಅಧಿಕಾರಿಗಳು ಅದನ್ನು ಹೊರತರುವ ಮುಂಚೆ ತಾವೇ ಮಧ್ಯಾಹ್ನದ ಬಿಸಿಲಲ್ಲಿ ಹತ್ತು ಮನೆ ಸುತ್ತಿ ತುಂಬಿಸಿ ನೋಡಲಿ, ಓಟಿಪಿ ಸಮೇತ.

ಅಂಗಡಿಯವರಿಗೆ ಅಷ್ಟೂ ಬೇಡ. ಕೌಂಟರಿನ ಹಿಂದೆ ನಾಲ್ಕು ಸ್ಟೂಲ್ ಇಟ್ಟು ಆಷಾಢದ ಡಿಸ್ಕೌಂಟ್ ಸೇಲ್ ಮುಗಿಯುವವರೆಗೆ ನೋಡಲಿ. ಸೀರೆ ಮಾರಾಟ ಕಡಿಮೆಯಾದರೆ ಸ್ಟೂಲ್ ವಾಪಸ್ ತೆಗೆಯಬಹುದು.